ಎಣಿಸದ ಪರಾಗಕ್ಕೆ ಮುನ್ಸೂಚನೆಯೆ?

ಮಳೆಯನ್ನು ಮಿಲಿಮೀಟರಿನಲ್ಲಿ, ಉಷ್ಣತೆಯನ್ನು ಡಿಗ್ರಿಯಲ್ಲಿ ತಿಳಿಸುವುದು ನಮಗೆ ರೂಢಿಯಾಗಿದೆ. ಕೆಲವು ವರ್ಷಗಳಿಂದ ಇವುಗಳ ಕೆಳಗೆ ಇನ್ನೊಂದು ಸಾಲು ಸೇರಿಕೊಂಡಿದೆ. ಅದು ಪರಾಗದ ಮಟ್ಟ. ಮೊಬೈಲ್ ಫೋನಿನ ಕೆಲವು ಹವಾಮಾನ ಸೇವೆಗಳಿಗೆ ಒಂದು ಸ್ಥಳದ ಅಕ್ಷಾಂಶ ರೇಖಾಂಶ ಕೊಟ್ಟರೆ ಸಾಕು; ಮರ, ಹುಲ್ಲು, ಕಳೆ ಎಂಬ ಮೂರು ತಲೆಬರಹಗಳ ಅಡಿಯಲ್ಲಿ 'ಕಡಿಮೆ', 'ಮಧ್ಯಮ', 'ಹೆಚ್ಚು' ಎಂಬ ಉತ್ತರ ಬಣ್ಣ ಬಣ್ಣವಾಗಿ ಮೂಡುತ್ತದೆ. ಸೀನು, ಮೂಗು ಸೋರುವಿಕೆ, ಕಣ್ಣುರಿ, ದಮ್ಮು ಇರುವವರು ನಾಳೆ ಹೊರಗೆ ಹೋಗಬೇಕೆ ಬೇಡವೆ ಎಂಬುದನ್ನು ಆ ಬಣ್ಣ ನೋಡಿ ನಿರ್ಧರಿಸಬಹುದು ಎಂಬುದು ಇದರ ಆಶಯ.

ಆಶಯ ಒಳ್ಳೆಯದೇ. ಆದರೆ ವಿಜ್ಞಾನದ ಶಿಕ್ಷಕರೂ ವಿದ್ಯಾರ್ಥಿಗಳೂ ಆದ ನೀವು ಒಂದು ಪ್ರಶ್ನೆ ಕೇಳಲೇಬೇಕು: ಈ ಉತ್ತರ ಎಲ್ಲಿಂದ ಬಂತು? ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ವನದುರ್ಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಅಲ್ಲಿ ಎಷ್ಟು ಮಳೆ ಬಿತ್ತು ಎಂಬುದಕ್ಕೆ ಆಧಾರವಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಪರಾಗಕ್ಕೆ? ಇಡೀ ಯಾದಗಿರಿ ಜಿಲ್ಲೆಯಲ್ಲಿ ದಿನದಿನವೂ ಗಾಳಿಯ ಪರಾಗ ಎಣಿಸಿ ಪ್ರಕಟಿಸುವ ಒಂದು ಕೇಂದ್ರವೂ ಇಲ್ಲ. ಆದ್ದರಿಂದ ಇಂತಹ ಊರಿಗೆ ಬರುವ ಪರಾಗದ ಮಟ್ಟ ಅಳತೆಯಲ್ಲ, ಅಂದಾಜು. ಅಂದಾಜು ತಪ್ಪೇನಲ್ಲ. ಅಳತೆಯ ವೇಷ ತೊಟ್ಟು ಬಂದಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ.

ಎಣಿಕೆ ಹೇಗೆ ನಡೆಯುತ್ತದೆ?

ಗಾಳಿಯಲ್ಲಿರುವ ಪರಾಗವನ್ನು ಎಣಿಸಬಹುದು ಎಂದು ತೋರಿಸಿದವರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಮೊದಲಿಗರು. ಸ್ವತಃ ಪರಾಗ ಜ್ವರದಿಂದ ನರಳುತ್ತಿದ್ದ ಅವರು ಅಂಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಗೆ ಒಡ್ಡಿದರು. ಗಾಳಿಪಟಕ್ಕೆ ಕಟ್ಟಿ ಮೇಲಕ್ಕೂ ಹಾರಿಸಿದರು. ಅವರ ಗ್ರಂಥ 1873ರಲ್ಲಿ ಪ್ರಕಟವಾಯಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಉಪಕರಣದ ಮೂಲ ಮಾದರಿಯನ್ನು ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಜೆ. ಎಂ. ಹರ್ಸ್ಟ್ 1952ರಲ್ಲಿ ವಿವರಿಸಿದರು.

ಈ ಉಪಕರಣ ನಿಮಿಷಕ್ಕೆ 10 ಲೀಟರ್ ಗಾಳಿಯನ್ನು ಒಂದು ಸೀಳಿನ ಮೂಲಕ ಒಳಗೆ ಎಳೆಯುತ್ತದೆ. ಸೀಳಿನ ಹಿಂದೆ ಅಂಟು ಬಳಿದ ಪಟ್ಟಿಯೊಂದು ಗಂಟೆಗೆ 2 ಮಿಲಿಮೀಟರ್ ವೇಗದಲ್ಲಿ ಸರಿಯುತ್ತದೆ. ಹೀಗೆ 24 ಗಂಟೆಗೆ 48 ಮಿ.ಮೀ. ಉದ್ದ, 14 ಮಿ.ಮೀ. ಅಗಲದ ಪಟ್ಟಿ ಸಿಗುತ್ತದೆ. ಒಳಗೆ ಬಂದ ಗಾಳಿ ದಿನಕ್ಕೆ 14.4 ಘನ ಮೀಟರ್. ಮುಂದಿನದು ಸೂಕ್ಷ್ಮದರ್ಶಕದ ಮುಂದೆ ಕುಳಿತ ಮನುಷ್ಯನ ಕೆಲಸ.

ಲೆಕ್ಕವನ್ನು ನೀವೇ ಮಾಡಿ ನೋಡಿ. ಪಟ್ಟಿಯ ವಿಸ್ತೀರ್ಣ 672 ಚದರ ಮಿ.ಮೀ. ಇಷ್ಟನ್ನೂ ಎಣಿಸಲು ಸಾಧ್ಯವಿಲ್ಲವಾದ್ದರಿಂದ ಉದ್ದಕ್ಕೆ ನಾಲ್ಕು ಗೆರೆಗಳಲ್ಲಿ ಎಣಿಸುತ್ತಾರೆ ಎನ್ನೋಣ. ಸೂಕ್ಷ್ಮದರ್ಶಕದಲ್ಲಿ ಕಾಣುವ ವೃತ್ತದ ವ್ಯಾಸ 0.45 ಮಿ.ಮೀ. ಆದರೆ ಎಣಿಸಿದ ಭಾಗ 86.4 ಚದರ ಮಿ.ಮೀ., ಅಂದರೆ ಒಟ್ಟಿನ ಎಂಟರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಅದರಲ್ಲಿ 50 ಹುಲ್ಲಿನ ಪರಾಗರೇಣು ಕಂಡರೆ ಘನ ಮೀಟರಿಗೆ ಸರಾಸರಿ 27 ರೇಣು. ಆದರೆ 50 ಎಂಬ ಎಣಿಕೆಯಲ್ಲಿ ಆಕಸ್ಮಿಕವಾಗಿ 7ರಷ್ಟು ಹೆಚ್ಚು ಕಡಿಮೆ ಆಗುವುದು ಸಹಜ (50ರ ವರ್ಗಮೂಲ). ಆದ್ದರಿಂದ 27 ಎಂದರೆ 23ರಿಂದ 31. ಕಂಡದ್ದು ನಾಲ್ಕೇ ರೇಣು ಆದರೆ? ಘನ ಮೀಟರಿಗೆ ಸುಮಾರು 2. ಅದು 1 ಇರಬಹುದು, 3 ಕೂಡ ಇರಬಹುದು. ಉಪಕರಣವಿದ್ದೂ, ತರಬೇತಾದ ಕಣ್ಣಿದ್ದೂ ಅನಿಶ್ಚಿತತೆ ಇಷ್ಟು. ಎರಡೂ ಇಲ್ಲದ ಕಡೆ ಅನಿಶ್ಚಿತತೆಯನ್ನು ಹೇಳದೆ ಬಣ್ಣವನ್ನು ಮಾತ್ರ ತೋರಿಸುವುದನ್ನು ಏನೆನ್ನಬೇಕು?

'ಹೆಚ್ಚು' ಎಂದರೆ ಯಾರಿಗೆ ಹೆಚ್ಚು?

ಎರಡನೆಯ ಆಕ್ಷೇಪ ಮಟ್ಟಗಳಿಗೆ ಸಂಬಂಧಿಸಿದ್ದು. ಘನ ಮೀಟರಿಗೆ 40 ಹುಲ್ಲಿನ ಪರಾಗರೇಣು ಇವೆ ಎನ್ನಿ. ಅಮೆರಿಕದಲ್ಲಿ ಪ್ರಚಲಿತವಿರುವ ಮಾಪಕದಲ್ಲಿ 20ರಿಂದ 199ರವರೆಗೆ 'ಹೆಚ್ಚು'. ಆದ್ದರಿಂದ ಅಲ್ಲಿ ಇದು 'ಹೆಚ್ಚು'. ಬ್ರಿಟನ್ನಿನ ಮಾಪಕದಲ್ಲಿ 30ರಿಂದ 49ರವರೆಗೆ 'ಮಧ್ಯಮ', 50 ದಾಟಿದರೆ 'ಹೆಚ್ಚು'. ಆದ್ದರಿಂದ ಅಲ್ಲಿ ಇದು 'ಮಧ್ಯಮ'. ಗಾಳಿ ಅದೇ, ರೇಣು ಅಷ್ಟೇ, ಪದ ಬೇರೆ!

ಇನ್ನೊಂದು ಸಂಗತಿಯನ್ನೂ ಗಮನಿಸಿ. ಅಮೆರಿಕದ ಮಾಪಕ ರೋಗಿಗಳ ತೊಂದರೆಯನ್ನು ಅಳೆದು ಮಾಡಿದ್ದಲ್ಲ. ಅಲ್ಲಿನ ಎಣಿಕೆ ಕೇಂದ್ರಗಳಲ್ಲಿ ಸಿಕ್ಕ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಅರ್ಧಕ್ಕಿಂತ ಕೆಳಗಿನವು 'ಕಡಿಮೆ', ಮೇಲಿನ ಕಾಲು ಭಾಗ 'ಹೆಚ್ಚು', ತುತ್ತತುದಿಯ ಶೇಕಡ ಒಂದು 'ಅತಿ ಹೆಚ್ಚು' ಎಂದು ಗೆರೆ ಎಳೆದದ್ದು. ತರಗತಿಯ ಅಂಕಗಳಲ್ಲಿ ರ‍್ಯಾಂಕ್ ಕೊಡುವಂತೆ. ಒಂದು ಶಾಲೆಯ ರ‍್ಯಾಂಕ್ ಪಟ್ಟಿಯಿಂದ ಇನ್ನೊಂದು ಶಾಲೆಯ ಮಗುವಿನ ಜಾಣತನ ಹೇಳಲಾದೀತೆ? ವನದುರ್ಗದ ಗಾಳಿಗೆ ಹೊರನಾಡಿನ ಗೆರೆಗಳನ್ನು ಎಳೆಯುವುದು ಇದೇ ಬಗೆಯ ತಪ್ಪು.

ಬೆಂಗಳೂರಿನಲ್ಲಿ ನಡೆದ ಕೆಲಸ

ಹಾಗಾದರೆ ನಮ್ಮ ನಾಡಿನಲ್ಲಿ ಈ ಕೆಲಸ ನಡೆದೇ ಇಲ್ಲವೆ? ನಡೆದಿದೆ, ಚೆನ್ನಾಗಿಯೇ ನಡೆದಿದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್. ಎನ್. ಆಗಾಶೆ ಮತ್ತು ಅವರ ವಿದ್ಯಾರ್ಥಿಗಳು ಬೆಂಗಳೂರಿನ ಗಾಳಿಯ ಪರಾಗವನ್ನು ವರ್ಷಗಟ್ಟಲೆ ಹಿಡಿದು ಗುರುತಿಸಿದರು. ಅದೇ ವಿಶ್ವವಿದ್ಯಾಲಯದ ಕಾಂಚನ್ ಮತ್ತು ಜಯಚಂದ್ರ ಅವರು ಪಾರ್ಥೇನಿಯಂ ಗಿಡವನ್ನು ಅಭ್ಯಸಿಸಿ, ಒಂದು ಗಿಡ ಸರಾಸರಿ 62.4 ಕೋಟಿ ಪರಾಗರೇಣುಗಳನ್ನು ಉತ್ಪಾದಿಸಬಲ್ಲದು ಎಂದು 1980ರಲ್ಲಿ ವರದಿ ಮಾಡಿದರು. ಅವು 600ರಿಂದ 800 ರೇಣುಗಳ ಗೊಂಚಲುಗಳಾಗಿಯೂ ಗಾಳಿಯಲ್ಲಿ ಸಾಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಂಗಳೂರಿನ ಜನರಲ್ಲಿ ಸುಮಾರು ಶೇಕಡ 7 ಮಂದಿಗೆ ಈ ಪರಾಗದಿಂದ ಮೂಗಿನ ಅಲರ್ಜಿ ಉಂಟಾಗುತ್ತಿತ್ತು. ಅಮೆರಿಕದ ಕುಖ್ಯಾತ ಕಳೆ ರ‍್ಯಾಗ್‌ವೀಡ್ ಪರಾಗಕ್ಕೂ ಪಾರ್ಥೇನಿಯಂ ಪರಾಗಕ್ಕೂ ರಕ್ತದ ಪ್ರತಿಕಾಯಗಳು ಸಮಾನವಾಗಿ ಸ್ಪಂದಿಸಬಲ್ಲವು ಎಂದೂ ಈ ತಂಡ ತೋರಿಸಿತು. ಎರಡೂ ಒಂದೇ ಕುಟುಂಬದ ಗಿಡಗಳು.

ಈ ಕೆಲಸದ ಗುಣ ಯಾವುದು? ಗಾಳಿ, ಗಿಡ, ರೋಗಿ ಮೂರನ್ನೂ ಒಂದೇ ಊರಿನಲ್ಲಿ ನೋಡಿದ್ದು. ಪರಾಗ ಎಷ್ಟಿದೆ ಎಂಬುದೊಂದೇ ರೋಗವನ್ನು ಹೇಳುವುದಿಲ್ಲ. ಆ ಪರಾಗಕ್ಕೆ ಸ್ಪಂದಿಸುವ ಜನ ಎಷ್ಟಿದ್ದಾರೆ ಎಂಬುದೂ ಗೊತ್ತಿರಬೇಕು. ಗೊಂಚಲಿನ ವಿಷಯವನ್ನೂ ಯೋಚಿಸಿ. ಮೂರು ಅಂತಸ್ತಿನ ಕಟ್ಟಡದ ಮೇಲಿರುವ ಉಪಕರಣಕ್ಕೆ ಬೀಳದ ಗೊಂಚಲು, ಬದುವಿನ ಮೇಲೆ ಪಾರ್ಥೇನಿಯಂ ಕೀಳುತ್ತಿರುವವರ ಮೂಗಿಗೆ ನೇರವಾಗಿ ಹೋಗುತ್ತದೆ. ಊರಿನ ಸರಾಸರಿ ಅವರ ಪಾಲಿಗೆ ಅರ್ಥಹೀನ.

ಪಾರ್ಥೇನಿಯಂನ ಇನ್ನೊಂದು ಕಾಟ ಚರ್ಮದ ತುರಿ. ಅದಕ್ಕೆ ಮುಖ್ಯ ಕಾರಣ ಗಿಡದಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ. ಗಿಡ ತಾಗಿ ಒಂದೆರಡು ದಿನಗಳ ನಂತರ ಏಳುವ ಆ ತುರಿಯ ಬಗೆಯೇ ಬೇರೆ, ಪರಾಗ ಮೂಗಿಗೆ ಹೋಗಿ ನಿಮಿಷಗಳಲ್ಲಿ ಬರುವ ಸೀನಿನ ಬಗೆಯೇ ಬೇರೆ. 'ಕಳೆ ಪರಾಗ ಕಡಿಮೆ' ಎಂಬ ಹಸಿರು ಬಣ್ಣ ನೋಡಿ ಬರಿಗೈಯಲ್ಲಿ ಗಿಡ ಕಿತ್ತರೆ ತುರಿ ತಪ್ಪುವುದಿಲ್ಲ.

ಬೆಂಗಳೂರಿನ ಪಂಚಾಂಗ ವನದುರ್ಗಕ್ಕೆ ಸಲ್ಲದು

ಬೆಂಗಳೂರಿನ ಎಣಿಕೆಯನ್ನೇ ಇಡೀ ರಾಜ್ಯಕ್ಕೆ ಬಳಸಬಾರದೇಕೆ ಎಂದು ನೀವು ಕೇಳಬಹುದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಯಾದಗಿರಿ 400 ಮೀಟರಿನ ಆಸುಪಾಸಿನಲ್ಲಿದೆ. ನಡುವೆ ನೇರ ಅಂತರವೇ ಸುಮಾರು 420 ಕಿಲೋಮೀಟರ್. ಬೆಂಗಳೂರಿನ ಸಾಲುಮರ, ನೀಲಗಿರಿ, ಸರ್ವೆ ತೋಪುಗಳು ಇಲ್ಲಿನ ಸಸ್ಯವರ್ಗವಲ್ಲ. ಇಲ್ಲಿ ಕಣ್ಣು ಹಾಯಿಸಿದತ್ತ ತೊಗರಿ, ಹತ್ತಿ, ಜೋಳ, ಸಜ್ಜೆ, ಭತ್ತ. ಬದುವಿನಲ್ಲಿ ಬೇವು, ಬಳ್ಳಾರಿ ಜಾಲಿ. ಖಾಲಿ ಜಾಗದಲ್ಲೆಲ್ಲ ಕಾಂಗ್ರೆಸ್ ಕಸ, ಅಂದರೆ ಅದೇ ಪಾರ್ಥೇನಿಯಂ.

ಇವುಗಳಲ್ಲಿ ಗಾಳಿಗೆ ಪರಾಗ ಬಿಡುವವು ಯಾವುವು? ಹತ್ತಿಯ ಪರಾಗ ದಪ್ಪ, ಮುಳ್ಳುಮುಳ್ಳು, ಅಂಟು; ಅದು ಕೀಟಗಳ ಸಾಮಾನು. ತೊಗರಿಯದೂ ಗಾಳಿಯ ಪರಾಗವಲ್ಲ. ಆದ್ದರಿಂದ ಸಾವಿರಾರು ಎಕರೆ ತೊಗರಿ, ಹತ್ತಿ ಹೂಬಿಟ್ಟರೂ ಗಾಳಿಯ ಎಣಿಕೆಗೆ ಅವು ಕೊಡುವುದು ಅಲ್ಪ. ಜೋಳ, ಸಜ್ಜೆ, ಭತ್ತ, ಕರಿಕೆ ಹುಲ್ಲಿನ ಜಾತಿಯವು. ಇವು ಗಾಳಿಗೆ ಪರಾಗ ಬಿಡುತ್ತವೆ. ಔಡಲ, ಈಚಲು, ಮುಳ್ಳುದಂಟು ಇವೂ ಅದೇ ಸಾಲಿಗೆ ಸೇರುತ್ತವೆ. ಬಳ್ಳಾರಿ ಜಾಲಿಗೆ ಜೇನುನೊಣ ಬರುವುದಾದರೂ ಅದರ ಪರಾಗ ಗಾಳಿಯಲ್ಲೂ ಸಿಗುತ್ತದೆ. ಉತ್ತರ ಭಾರತದಲ್ಲಿ ಅದು ಅಲರ್ಜಿಯ ಗಿಡವೆಂದು ಚೆನ್ನಾಗಿ ಪರಿಚಿತ. 'ಮರ, ಹುಲ್ಲು, ಕಳೆ' ಎಂಬ ಮೂರು ಡಬ್ಬಿಗಳಲ್ಲಿ ಈ ವಿವರಗಳೆಲ್ಲ ಮಾಯವಾಗುತ್ತವೆ.

ಋತುವಿನ ಮಾತೂ ಹೀಗೆಯೇ. ಯೂರೋಪಿನ ಪುಸ್ತಕಗಳಲ್ಲಿ ಪರಾಗಕಾಲ ಎಂದರೆ ವಸಂತ ಮತ್ತು ಬೇಸಿಗೆ. ಚಂಡೀಗಡದ ಸಂಶೋಧಕರು ಸುಮಾರು ಎರಡು ವರ್ಷ ಎಣಿಸಿ 2022ರಲ್ಲಿ ಪ್ರಕಟಿಸಿದ ಪರಾಗ ಪಂಚಾಂಗದಲ್ಲಿ ವಸಂತ, ಶರತ್ ಎಂಬ ಎರಡು ಕಾಲಗಳು ಎದ್ದು ಕಾಣುತ್ತವೆ. ವನದುರ್ಗದಲ್ಲಿ ಮುಂಗಾರಿನ ಸಜ್ಜೆ ಒಂದು ಕಾಲಕ್ಕೆ, ಹಿಂಗಾರಿನ ಜೋಳ ಇನ್ನೊಂದು ಕಾಲಕ್ಕೆ ತೆನೆ ಬಿಡುತ್ತವೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಒಣಭೂಮಿ ಭತ್ತದ ಗದ್ದೆಯಾಗಿದೆ. ಕಾಲುವೆಗೆ ಯಾವ ದಿನ ನೀರು ಬಿಡಬೇಕು, ಎರಡನೆಯ ಬೆಳೆಗೆ ಕೊಡಬೇಕೆ ಎಂಬುದನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ನೀರು ಬಂದ ವರ್ಷ ಬೇಸಿಗೆಯಲ್ಲೂ ಭತ್ತ ಹೂಬಿಡುತ್ತದೆ, ಕಾಲುವೆಯ ದಂಡೆಯಲ್ಲಿ ಕಾಂಗ್ರೆಸ್ ಕಸ ಹಸಿರಾಗಿಯೇ ಇರುತ್ತದೆ. ಬಾರದ ವರ್ಷ ಎರಡೂ ಇಲ್ಲ. ಮಳೆ, ಗಾಳಿ, ಉಷ್ಣತೆಗಳನ್ನಷ್ಟೇ ತಿಳಿದ ಗಣಕಕ್ಕೆ ಈ ಸಮಿತಿಯ ತೀರ್ಮಾನ ಹೇಗೆ ಗೊತ್ತಾಗಬೇಕು?

ನಿಜವಾಯಿತೆ ಎಂದು ನೋಡಿದವರಾರು?

ಮುನ್ಸೂಚನೆಯ ಬೆಲೆ ತಿಳಿಯುವುದು ಮರುದಿನ. 'ಹೆಚ್ಚು' ಎಂದ ದಿನ ನಿಜವಾಗಿಯೂ ಹೆಚ್ಚಿತ್ತೆ? ಎಣಿಕೆಯೇ ಇಲ್ಲದ ಊರಿನಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಸುಳ್ಳೆಂದು ಸಾಬೀತು ಮಾಡಲಾಗದ ಭವಿಷ್ಯವನ್ನು ಹೇಳುವವರು ನಮ್ಮಲ್ಲಿ ಮೊದಲೇ ಬೇಕಾದಷ್ಟು ಮಂದಿ ಇದ್ದಾರೆ. ವಿಜ್ಞಾನ ಆ ಸಾಲಿಗೆ ಸೇರಬಾರದು.

'ಶೇಕಡ 90ರಷ್ಟು ನಿಖರ' ಎಂಬ ಮಾತನ್ನೂ ಹಾಗೆಯೇ ಒಪ್ಪಬೇಡಿ. 1884ರಲ್ಲಿ ಅಮೆರಿಕದ ಜಾನ್ ಫಿನ್ಲಿ ಸುಂಟರಗಾಳಿಯ ಬಗ್ಗೆ 2803 ಮುನ್ಸೂಚನೆಗಳ ಫಲಿತಾಂಶ ಕೊಟ್ಟರು. ಶೇಕಡ 96.6 ಸರಿಯಾಗಿದ್ದವು. ಆದರೆ ಪ್ರತಿಸಲವೂ 'ಸುಂಟರಗಾಳಿ ಬರುವುದಿಲ್ಲ' ಎಂದಿದ್ದರೆ ಶೇಕಡ 98.2 ಸರಿಯಾಗುತ್ತಿತ್ತು! ಬಂದದ್ದು 51 ಸಲ. ಅದರಲ್ಲಿ ಅವರು ಹಿಡಿದದ್ದು 28, ತಪ್ಪಿಸಿಕೊಂಡದ್ದು 23, ಸುಮ್ಮನೆ ಹೆದರಿಸಿದ್ದು 72. ವರ್ಷದ ಬಹುಪಾಲು ದಿನ ಪರಾಗ ಕಡಿಮೆ ಇರುವಲ್ಲಿ ದಿನವೂ 'ಕಡಿಮೆ' ಎನ್ನುವವನೂ ಹೀಗೆಯೇ ನಿಖರನಾಗಿ ಕಾಣುತ್ತಾನೆ. ಅಪಾಯದ ದಿನವನ್ನು ಹಿಡಿದಿರಾ ಎಂಬುದೇ ಕೇಳಬೇಕಾದ ಪ್ರಶ್ನೆ.

ಪಣಕ್ಕಿರುವುದು ಉಸಿರು

ಇದೆಲ್ಲ ಕೇವಲ ಅಂಕಿಗಳ ತಕರಾರು ಎನ್ನಿಸಬಹುದು. ಅಲ್ಲ. 2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಮೇಲೆ ಗುಡುಗು ಮಳೆಯ ಗಾಳಿ ಬೀಸಿತು. ಹುಲ್ಲಿನ ಪರಾಗ ಗಾಳಿಯಲ್ಲಿ ತುಂಬಿತ್ತು. ತೇವಕ್ಕೆ ಒಡೆದ ಪರಾಗರೇಣುಗಳ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದವು. ಸುಮಾರು 30 ಗಂಟೆಗಳಲ್ಲಿ ಎಂದಿಗಿಂತ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳು ಉಸಿರಾಟದ ತೊಂದರೆಯಿಂದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದರು. 10 ಮಂದಿ ಸತ್ತರು. ಅಲ್ಲಿಯವರೆಗೆ ಅಸ್ತಮಾ ಇದೆಯೆಂದೇ ಗೊತ್ತಿರದವರೂ ರೋಗಿಗಳಲ್ಲಿದ್ದರು. 2017ರಿಂದ ಅಲ್ಲಿ ವಿಶೇಷ ಮುನ್ಸೂಚನೆ ಆರಂಭವಾಯಿತು. ಆದರೆ ಅದರ ಬುನಾದಿ ಎಣಿಕೆ ಕೇಂದ್ರಗಳ ಜಾಲ ಎಂಬುದನ್ನು ಮರೆಯಬೇಡಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಸ್ಪೇನಿನ ಬಾರ್ಸಿಲೋನಾದಲ್ಲಿ 1981ರಿಂದ 1987ರ ನಡುವೆ 26 ದಿನಗಳಲ್ಲಿ ಅಸ್ತಮಾ ಇದ್ದಕ್ಕಿದ್ದಂತೆ ಸಾಂಕ್ರಾಮಿಕದಂತೆ ಕಾಣಿಸಿಕೊಂಡಿತು. ಕೊನೆಗೆ ಸಿಕ್ಕಿಬಿದ್ದದ್ದು ಬಂದರಿನಲ್ಲಿ ಹಡಗಿನಿಂದ ಇಳಿಸುತ್ತಿದ್ದ ಸೋಯಾ ಅವರೆಯ ಧೂಳು. ಧೂಳು ತಡೆಯುವ ಜಾಲರಿ ಇಲ್ಲದ ಉಗ್ರಾಣದಿಂದ ಅದು ಊರಿಗೆ ಹರಡುತ್ತಿತ್ತು. ನಮ್ಮಲ್ಲಿ ತೊಗರಿ ರಾಶಿ ಮಾಡುವಾಗ ಏಳುವ ಧೂಳು, ಹತ್ತಿ ಜಿನ್ನಿಂಗ್ ಧೂಳು, ಒಲೆಯ ಹೊಗೆ, ಮಳೆಗಾಲದ ಬೂಷ್ಟು ಇವೆಲ್ಲ ದಮ್ಮು ಕೆರಳಿಸಬಲ್ಲವು. ಪರದೆಯ ಮೇಲೆ ಪರಾಗ ಕೆಂಪು ಬಣ್ಣದಲ್ಲಿದ್ದರೆ ಎಲ್ಲ ಸೀನಿಗೂ ಪರಾಗವೇ ಹೊಣೆಯಾಗುತ್ತದೆ, ನಿಜವಾದ ಧೂಳು ತಪ್ಪಿಸಿಕೊಳ್ಳುತ್ತದೆ. ಹಸಿರಿದ್ದರೆ ಅಸ್ತಮಾ ಇರುವ ಮಗು ಇನ್‌ಹೇಲರ್ ಮನೆಯಲ್ಲಿಟ್ಟು ಆಟಕ್ಕೆ ಹೋಗುತ್ತದೆ. ಎರಡೂ ಅಪಾಯವೇ.

ಶಾಲೆ ಏನು ಮಾಡಬಹುದು?

ಟೀಕೆ ಅಲ್ಲಿಗೇ ನಿಲ್ಲಬಾರದು. ಹರ್ಸ್ಟ್ ಉಪಕರಣ ಶಾಲೆಯ ಕೈಗೆ ಎಟುಕದು. ಆದರೆ ಅದಿಲ್ಲದೆಯೂ ಮಾಡಬಹುದಾದ ಕೆಲಸವಿದೆ. ಶಾಲೆಯ ಸುತ್ತ ಒಂದು ಕಿಲೋಮೀಟರ್ ದಾರಿಯನ್ನು ಗೊತ್ತು ಮಾಡಿಕೊಳ್ಳಿ. ವಾರಕ್ಕೊಮ್ಮೆ ಅದೇ ದಾರಿಯಲ್ಲಿ ನಡೆದು ಯಾವ ಗಿಡ ಮೊಗ್ಗು, ಯಾವುದು ಹೂ, ಯಾವುದು ಮುಗಿಯಿತು ಎಂದು ಬರೆದಿಡಿ. ಕಾಲುವೆಗೆ ನೀರು ಬಂದ ದಿನವನ್ನೂ ಬರೆಯಿರಿ. ಎರಡು ಮೂರು ವರ್ಷಗಳಲ್ಲಿ ನಿಮ್ಮ ಊರಿನದೇ ಹೂವಿನ ಪಂಚಾಂಗ ಸಿದ್ಧವಾಗುತ್ತದೆ.

ಮೊದಲು ಗೊತ್ತಿರುವ ಗಿಡಗಳ ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಸಾಫ್ರನಿನ್ ಬಣ್ಣ ಹಚ್ಚಿ, ಹೆಸರು ಬರೆದು ಇಟ್ಟುಕೊಳ್ಳಿ. ಗುರುತಿಗೆ ಇದೇ ಆಧಾರ. ನಂತರ ತೆಳುವಾಗಿ ವ್ಯಾಸಲೀನ್ ಸವರಿದ ಪಟ್ಟಿಯನ್ನು ಮಳೆ ಬೀಳದಂತೆ ಮರೆ ಮಾಡಿ 24 ಗಂಟೆ ಮಾಳಿಗೆಯ ಮೇಲಿಟ್ಟು ನೋಡಿ. ಇದು ತಾನಾಗಿ ಬಿದ್ದ ರೇಣುಗಳ ಲೆಕ್ಕ. ಚದರ ಸೆಂಟಿಮೀಟರಿಗೆ ಇಷ್ಟು ಎಂದು ಹೇಳಬಹುದೇ ಹೊರತು ಘನ ಮೀಟರಿಗೆ ಇಷ್ಟು ಎಂದು ಹೇಳುವಂತಿಲ್ಲ. ಆ ಮಿತಿಯನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ. ದಮ್ಮು, ಸೀನು ಇರುವ ಮಕ್ಕಳನ್ನು ಪರಾಗ ಸಂಗ್ರಹಕ್ಕೆ ಕಳುಹಿಸಬೇಡಿ. ಕಾಂಗ್ರೆಸ್ ಕಸವನ್ನು ಯಾರೂ ಬರಿಗೈಯಲ್ಲಿ ಮುಟ್ಟುವುದು ಬೇಡ.

ಕೊನೆಯದಾಗಿ ಒಂದು ಪರೀಕ್ಷೆ. 'ನಾಳೆಯೂ ಇಂದಿನಂತೆಯೇ' ಎಂಬ ಸುಲಭ ಮುನ್ಸೂಚನೆಯನ್ನು ದಿನವೂ ಬರೆದಿಡಿ. ಪಕ್ಕದಲ್ಲಿ ಫೋನು ಹೇಳಿದ್ದನ್ನೂ ಬರೆಯಿರಿ. ಮರುದಿನ ಪಟ್ಟಿ ನೋಡಿ ಎರಡಕ್ಕೂ ಅಂಕ ಕೊಡಿ: ಹಿಡಿದದ್ದೆಷ್ಟು, ತಪ್ಪಿಸಿಕೊಂಡದ್ದೆಷ್ಟು, ಸುಮ್ಮನೆ ಹೆದರಿಸಿದ್ದೆಷ್ಟು. ಈ ಸುಲಭ ಮುನ್ಸೂಚನೆಯನ್ನು ಸೋಲಿಸಲಾಗದ ಸೇವೆಯನ್ನು ನಂಬಬೇಕಾಗಿಲ್ಲ.

ಪರಾಗದ ಮುನ್ಸೂಚನೆ ಬೇಡ ಎಂಬುದು ಇಲ್ಲಿನ ವಾದವಲ್ಲ. ಕಲಬುರಗಿ ವಿಭಾಗಕ್ಕೆ ಒಂದಾದರೂ ಎಣಿಕೆ ಕೇಂದ್ರ ಬರಲಿ, ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಅದನ್ನು ನಡೆಸಲಿ, ವೈದ್ಯರು ರೋಗಿಗಳ ಲೆಕ್ಕ ಕೂಡಿಸಲಿ. ಅಲ್ಲಿಯವರೆಗೆ ಉಸಿರಿನ ತೊಂದರೆ ಇರುವವರು ಬಣ್ಣ ನೋಡಿ ಔಷಧಿ ಬಿಡಬಾರದು, ವೈದ್ಯರ ಮಾತು ಕೇಳಬೇಕು. ಪರದೆಯ ಮೇಲೆ ಪರಾಗದ ಮಟ್ಟ ಕಂಡಾಗಲೆಲ್ಲ ನೀವು ಕೇಳಬೇಕಾದ ಪ್ರಶ್ನೆಗಳು ಮೂರೇ: ಎಣಿಸಿದವರು ಯಾರು? ಎಲ್ಲಿ ಎಣಿಸಿದರು? ನಿನ್ನೆ ಹೇಳಿದ್ದು ನಿಜವಾಯಿತೆ?